ಅಲ್ಲಿಂದ ನೋಡಿದರೆ ನಮ್ಮ ಭೂಮಿ

ಶಾಲಾ ಮಕ್ಕಳಿಗಾಗಿ ಭೂಮಿಯನ್ನು ಕುರಿತ ಒಂದು ಕಾರ್ಯಕ್ರಮದ ಧ್ವನಿಮುದ್ರಣ ನಡೆದಿತ್ತು. ಸ್ಟುಡಿಯೊದ ಮೇಜಿನ ಮೇಲೆ ಒಂದು ಗೋಲ, ಅದರ ಪಕ್ಕದಲ್ಲಿ ಸೂರ್ಯನ ಬದಲಿಗೆ ಒಂದು ದೀಪ. ಪ್ರೌಢಶಾಲೆಯ ಐದಾರು ಮಕ್ಕಳು ಸುತ್ತ ಕುಳಿತಿದ್ದರು. ಗೋಲವನ್ನು ನಿಧಾನವಾಗಿ ತಿರುಗಿಸಿ ಹಗಲು ರಾತ್ರಿಗಳು ಹೇಗಾಗುತ್ತವೆ ಎಂದು ತೋರಿಸಿದೆವು. ಎಲ್ಲರೂ ತಲೆಯಾಡಿಸಿದರು. ಒಬ್ಬ ಹುಡುಗಿ ಮಾತ್ರ ಕೈ ಎತ್ತಿದಳು. "ಸರ್, ನಾವು ಗೋಲದ ಹೊರಗೆ ಕೂತಿದ್ದೇವೆ. ಅದಕ್ಕೇ ಅದು ತಿರುಗುವುದು ಕಾಣಿಸುತ್ತೆ. ಭೂಮಿ ತಿರುಗುತ್ತೆ ಅಂತ ಮೊದಲು ಹೇಳಿದವರು ಎಲ್ಲಿ ಕೂತಿದ್ದರು?"

ಧ್ವನಿಮುದ್ರಣ ನಿಲ್ಲಿಸಬೇಕಾಯಿತು. ನಮ್ಮ ಸ್ಕ್ರಿಪ್ಟಿನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಬಿ.ಎಸ್‌ಸಿ. ಓದಿದ ನಾನು ಫುಕೋನ ಲೋಲಕದ ಬಗ್ಗೆ ಹೇಳಿದೆ. ಆದರೆ ಫುಕೋ ತನ್ನ ಲೋಲಕವನ್ನು ಪ್ಯಾರಿಸ್ಸಿನಲ್ಲಿ ತೂಗುಬಿಟ್ಟದ್ದು 1851ರಲ್ಲಿ. ಅದಕ್ಕೆ ನೂರೈವತ್ತು ವರ್ಷ ಮೊದಲೇ ಯೂರೋಪಿನ ವಿದ್ವಾಂಸರು ಭೂಮಿಯ ಚಲನೆಯನ್ನು ಬಹುಮಟ್ಟಿಗೆ ಒಪ್ಪಿಕೊಂಡಾಗಿತ್ತು. ಹಾಗಾದರೆ ಅವರು ಕುಳಿತದ್ದೆಲ್ಲಿ? ಅವರಲ್ಲಿ ಒಬ್ಬ ಕುಳಿತದ್ದು ಚಂದ್ರನ ಮೇಲೆ. ಅಲ್ಲಿಗೆ ಹೋಗಲು ಅವನು ಒಂದು ಕಥೆಯನ್ನೇ ಬರೆದ. ಅವನ ಹೆಸರು ಯೊಹಾನೆಸ್ ಕೆಪ್ಲರ್.

ಗ್ರಹಗಳ ಚಲನೆಯ ಮೂರು ನಿಯಮಗಳ ಕೆಪ್ಲರನನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಕಥೆ ಬರೆದ ಕೆಪ್ಲರ್ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಈ ಲೇಖನ ಆ ಕೆಪ್ಲರನನ್ನು ಕುರಿತದ್ದು.

ದೋಣಿಯಲ್ಲಿ ಕುಳಿತವನು

ಮೊದಲು ನಮ್ಮ ದೇಶದ ಒಂದು ಮಾತು. ಕ್ರಿ.ಶ. 499ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ ಆರ್ಯಭಟ 'ಆರ್ಯಭಟೀಯ'ವನ್ನು ರಚಿಸಿದ. ಅದರಲ್ಲಿ ಒಂದು ಉಪಮಾನವಿದೆ. ದೋಣಿಯಲ್ಲಿ ಮುಂದೆ ಸಾಗುತ್ತಿರುವವನಿಗೆ ದಡದಲ್ಲಿ ನಿಂತಿರುವ ವಸ್ತುಗಳು ಹಿಂದಕ್ಕೆ ಹೋಗುತ್ತಿರುವಂತೆ ಕಾಣುತ್ತವೆ; ಹಾಗೆಯೇ ನಿಶ್ಚಲವಾದ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಸಾಗುವಂತೆ ಕಾಣುತ್ತವೆ ಎಂಬುದು ಅದರ ತಾತ್ಪರ್ಯ. ಭೂಮಿಯೇ ತಿರುಗುತ್ತಿದೆ ಎಂಬ ಮಾತನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಆದರೂ ಲೋಕ ಅದನ್ನು ಒಪ್ಪಲಿಲ್ಲ. 628ರಲ್ಲಿ ಬ್ರಹ್ಮಗುಪ್ತ, ಭೂಮಿ ತಿರುಗುವುದಾದರೆ ಎತ್ತರದ ವಸ್ತುಗಳು ಏಕೆ ಬೀಳುವುದಿಲ್ಲ ಎಂದು ಆಕ್ಷೇಪ ಎತ್ತಿದ. ಅವನು ಸಾಮಾನ್ಯ ಪಂಡಿತನಲ್ಲ, ಮಹಾ ಗಣಿತಜ್ಞ. ಮುಂದೆ ಆರ್ಯಭಟನ ವ್ಯಾಖ್ಯಾನಕಾರರೇ ಆ ಶ್ಲೋಕಕ್ಕೆ ಬೇರೆ ಅರ್ಥ ಹೇಳಲು ಶ್ರಮಪಟ್ಟರು. ಸಾವಿರ ವರ್ಷಗಳ ನಂತರ, 1543ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕೊಪರ್ನಿಕಸ್ ಕೂಡ ಬಂದರು ಬಿಟ್ಟು ಹೊರಡುವ ಹಡಗಿನ ಉದಾಹರಣೆಯನ್ನೇ ಕೊಟ್ಟ. ಅವನನ್ನೂ ಹೆಚ್ಚಿನವರು ನಂಬಲಿಲ್ಲ.

ಇದಕ್ಕೆ ಕಾರಣವಿದೆ. ದೋಣಿಯಲ್ಲಿ ಕುಳಿತವನಿಗೆ ದೋಣಿ ಚಲಿಸುತ್ತದೆ ಎಂಬುದು ಗೊತ್ತಿರುತ್ತದೆ, ಏಕೆಂದರೆ ಅವನು ಒಮ್ಮೆಯಾದರೂ ದಡದಲ್ಲಿ ನಿಂತು ಬೇರೆ ದೋಣಿಗಳು ಸಾಗುವುದನ್ನು ನೋಡಿರುತ್ತಾನೆ. ಭೂಮಿ ಎಂಬ ದೋಣಿಯಿಂದ ಇಳಿಯುವುದಕ್ಕೆ ದಡ ಎಲ್ಲಿದೆ? ಅಲ್ಲೇ ಹುಟ್ಟಿ ಅಲ್ಲೇ ಸಾಯುವ ನಮಗೆ ಅದು ಚಲಿಸುತ್ತಿದೆ ಎಂದು ಎಷ್ಟು ಹೇಳಿದರೂ ಮನಸ್ಸು ಒಪ್ಪುವುದಿಲ್ಲ. ಲೆಕ್ಕ ಸರಿಯಿದ್ದರೆ ಸಾಲದು, ಒಂದು ದಡವೂ ಬೇಕು. ಆ ದಡವನ್ನು ಕೆಪ್ಲರ್ ಹುಡುಕಿಕೊಂಡ.

ಅನುಮತಿ ಸಿಗದ ಪ್ರಬಂಧ

ಕೆಪ್ಲರ್ ಹುಟ್ಟಿದ್ದು 1571ರಲ್ಲಿ, ಜರ್ಮನಿಯ ವೈಲ್ ಎಂಬ ಪುಟ್ಟ ಪಟ್ಟಣದಲ್ಲಿ. ಬಡತನ, ಮನೆ ಬಿಟ್ಟು ಸೈನ್ಯಕ್ಕೆ ಸೇರುತ್ತಿದ್ದ ತಂದೆ, ಬಾಯಿ ಜೋರಿನ ತಾಯಿ ಕಥಾರಿನಾ. 1577ರಲ್ಲಿ ದೊಡ್ಡ ಧೂಮಕೇತುವೊಂದು ಕಾಣಿಸಿಕೊಂಡಾಗ ಆರರ ಹುಡುಗನನ್ನು ಎತ್ತರದ ಜಾಗಕ್ಕೆ ಕರೆದೊಯ್ದು ತೋರಿಸಿದವಳು ಈ ತಾಯಿಯೇ. ಗಿಡಮೂಲಿಕೆಗಳಿಂದ ಕಷಾಯ ಮಾಡಿ ಊರವರಿಗೆ ಕೊಡುವುದು ಅವಳಿಗೆ ರೂಢಿ. ಈ ಎರಡು ಸಂಗತಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ವಿದ್ಯಾರ್ಥಿವೇತನದ ಬಲದಿಂದ ಕೆಪ್ಲರ್ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಅವನ ಗುರು ಮಿಖಾಯೆಲ್ ಮೆಸ್ಟ್ಲಿನ್. ಕೊಪರ್ನಿಕಸ್ ಹೇಳಿದ್ದು ಸರಿ ಎಂದು ನಂಬಿದ್ದ ಕೆಲವೇ ಅಧ್ಯಾಪಕರಲ್ಲಿ ಈತ ಒಬ್ಬ. 1593ರಲ್ಲಿ, 21ರ ವಿದ್ಯಾರ್ಥಿ ಕೆಪ್ಲರ್ ಒಂದು ಚರ್ಚಾ ಪ್ರಬಂಧ ಬರೆದ. ಚಂದ್ರನ ಮೇಲೆ ನಿಂತವನಿಗೆ ಆಕಾಶ ಹೇಗೆ ಕಾಣುತ್ತದೆ ಎಂಬುದು ಅದರ ವಿಷಯ. ಚರ್ಚೆಯ ಹೊಣೆ ಹೊತ್ತಿದ್ದ ಪ್ರಾಧ್ಯಾಪಕರಿಗೆ ಭೂಮಿ ಚಲಿಸುತ್ತದೆ ಎಂಬ ಮಾತೇ ಆಗುತ್ತಿರಲಿಲ್ಲ. ಅವರು ಅನುಮತಿ ಕೊಡಲಿಲ್ಲ. ಪ್ರಬಂಧ ಮೂಲೆ ಸೇರಿತು.

ಹದಿನಾರು ವರ್ಷ ಕಳೆಯಿತು. ಕೆಪ್ಲರ್ 1600ರಲ್ಲಿ ಪ್ರಾಗ್ ನಗರಕ್ಕೆ ಹೋಗಿ ಮಹಾ ವೀಕ್ಷಕ ಟೈಕೊ ಬ್ರಾಹೆಯ ಜೊತೆ ಸೇರಿದ. ಮರುವರ್ಷ ಟೈಕೊ ತೀರಿಕೊಂಡ ಮೇಲೆ ಅವನ ಸ್ಥಾನದಲ್ಲಿ ಚಕ್ರವರ್ತಿಯ ಗಣಿತಜ್ಞನಾದ. ಗ್ರಹಗಳ ಪಥ ವೃತ್ತವಲ್ಲ, ದೀರ್ಘವೃತ್ತ ಎಂದು ಸಾರಿದ ಅವನ ಗ್ರಂಥ ಬಂದದ್ದು 1609ರಲ್ಲಿ. ಅದೇ ಸುಮಾರಿಗೆ ಹಳೆಯ ವಿದ್ಯಾರ್ಥಿ ಪ್ರಬಂಧವನ್ನು ಹೊರತೆಗೆದು, ಈ ಸಲ ಅದಕ್ಕೆ ಕಥೆಯ ಅಂಗಿ ತೊಡಿಸಿದ. ಲ್ಯಾಟಿನ್ ಭಾಷೆಯ ಆ ಕೃತಿಯ ಹೆಸರು 'ಸೋಮ್ನಿಯಂ'. ಹಾಗೆಂದರೆ ಕನಸು.

ಲೆವಾನಿಯಾ ಎಂಬ ಲೋಕ

ಕಥೆಯ ನಾಯಕ ಐಸ್‌ಲೆಂಡಿನ ಹುಡುಗ ಡ್ಯುರಾಕೋಟಸ್. ಅವನ ತಾಯಿ ಗಿಡಮೂಲಿಕೆ ತುಂಬಿದ ಪುಟ್ಟ ಚೀಲಗಳನ್ನು ನಾವಿಕರಿಗೆ ಮಾರಿ ಬದುಕುವವಳು. ಒಮ್ಮೆ ಹುಡುಗ ಕುತೂಹಲದಿಂದ ಚೀಲವೊಂದನ್ನು ಕತ್ತರಿಸಿ ನೋಡುತ್ತಾನೆ. ಸಿಟ್ಟಿಗೆದ್ದ ತಾಯಿ ಅವನನ್ನೇ ಹಡಗಿನವನಿಗೆ ಕೊಟ್ಟುಬಿಡುತ್ತಾಳೆ. ಹುಡುಗ ಹ್ವೆನ್ ದ್ವೀಪದಲ್ಲಿ ಟೈಕೊ ಬ್ರಾಹೆಯ ಕೈ ಸೇರಿ, ಅಲ್ಲಿ ಐದು ವರ್ಷ ಖಗೋಳವಿದ್ಯೆ ಕಲಿತು ಊರಿಗೆ ಮರಳುತ್ತಾನೆ. ಪಶ್ಚಾತ್ತಾಪದಲ್ಲಿದ್ದ ತಾಯಿ ತನಗೆ ಪರಿಚಯವಿರುವ ಒಂದು ಭೂತವನ್ನು ಕರೆಯುತ್ತಾಳೆ. ಆ ಭೂತ ತಾಯಿ ಮಗನಿಗೆ ಲೆವಾನಿಯಾ, ಅಂದರೆ ಚಂದ್ರಲೋಕದ ವಿವರ ಹೇಳುತ್ತದೆ.

ಇಲ್ಲಿಯವರೆಗೆ ಅಜ್ಜಿಕಥೆ. ಇಲ್ಲಿಂದ ಮುಂದೆ ವಿಜ್ಞಾನ. ಭೂಮಿಯಿಂದ ಚಂದ್ರನಿಗೆ ಪಯಣ ಗ್ರಹಣದ ಹೊತ್ತಿನಲ್ಲಿ, ಭೂಮಿಯ ನೆರಳಿನೊಳಗೆ, ನಾಲ್ಕು ಗಂಟೆಗಳಲ್ಲಿ ನಡೆಯಬೇಕು. ಹೊರಡುವಾಗಿನ ಎಳೆತ ಭಯಂಕರ; ಆದ್ದರಿಂದ ಪ್ರಯಾಣಿಕರಿಗೆ ಮತ್ತು ಬರುವ ಔಷಧಿ ಕೊಟ್ಟು, ಆಘಾತ ತಗಲದಂತೆ ಕೈಕಾಲುಗಳನ್ನು ಜೋಡಿಸಬೇಕು. ದಾರಿಯಲ್ಲಿ ಕೊರೆಯುವ ಚಳಿ, ಉಸಿರಾಡಲು ಆಗದ ಸ್ಥಿತಿ; ಮೂಗಿಗೆ ಒದ್ದೆ ಸ್ಪಂಜು ಹಿಡಿಯಬೇಕು. ವಿಮಾನವೂ ಇಲ್ಲದ ಕಾಲದಲ್ಲಿ ಬರೆದ ಮಾತುಗಳಿವು.

ಚಂದ್ರನ ಮೇಲೆ ನಿಂತರೆ ಏನು ಕಾಣುತ್ತದೆ? ಅಲ್ಲಿಯವರು ನಮ್ಮ ಭೂಮಿಯನ್ನು 'ವೋಲ್ವ' ಎನ್ನುತ್ತಾರೆ. ಸುತ್ತುವಂಥದ್ದು ಎಂದು ಅದರ ಅರ್ಥ. ಚಂದ್ರ ಯಾವಾಗಲೂ ಭೂಮಿಗೆ ಒಂದೇ ಮುಖ ತೋರಿಸುವುದರಿಂದ ಆ ಲೋಕದಲ್ಲಿ ಎರಡು ನಾಡುಗಳಿವೆ. ಭೂಮಿ ಕಾಣುವ ಅರ್ಧ ಸಬ್‌ವೋಲ್ವ, ಎಂದೂ ಕಾಣದ ಅರ್ಧ ಪ್ರಿವೋಲ್ವ. ಸಬ್‌ವೋಲ್ವದವರಿಗೆ ಭೂಮಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಮೊಳೆ ಹೊಡೆದು ತೂಗುಹಾಕಿದಂತೆ ಆಕಾಶದ ಒಂದೇ ಜಾಗದಲ್ಲಿ ಇರುತ್ತದೆ. ನಮಗೆ ಕಾಣುವ ಚಂದ್ರನಿಗಿಂತ ಅದರ ಅಗಲ ನಾಲ್ಕು ಪಟ್ಟಿಗೆ ಸ್ವಲ್ಪ ಕಡಿಮೆ ಎಂದು ಕೆಪ್ಲರ್ ಬರೆದ. ಇಂದಿನ ಅಳತೆಯಲ್ಲಿ ಅದು ಸುಮಾರು 3.7 ಪಟ್ಟು. ಅದಕ್ಕೂ ವೃದ್ಧಿ ಕ್ಷಯಗಳಿವೆ, ಹುಣ್ಣಿಮೆ ಅಮಾವಾಸ್ಯೆಗಳಿವೆ. ಅಲ್ಲಿಯ ಒಂದು ಹಗಲು ನಮ್ಮ ಸುಮಾರು 14 ದಿನ, ಒಂದು ರಾತ್ರಿಯೂ ಅಷ್ಟೇ.

ಭೂಮಿಯ ಮೇಲಿನ ಕಲೆಗಳನ್ನೂ ಅವನು ವರ್ಣಿಸಿದ. ಆಫ್ರಿಕಾ ಖಂಡ ಭುಜದವರೆಗಿನ ಮನುಷ್ಯನ ತಲೆಯಂತೆ. ಯೂರೋಪು ಅದಕ್ಕೆ ಮುತ್ತು ಕೊಡಲು ಬಾಗಿದ ಉದ್ದ ಲಂಗದ ಹುಡುಗಿಯಂತೆ. ನಾವು ಚಂದ್ರನಲ್ಲಿ ಮೊಲವನ್ನು ಕಂಡರೆ ಅವರು ನಮ್ಮಲ್ಲಿ ಇದನ್ನು ಕಾಣುತ್ತಾರೆ! ಈ ಕಲೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿದು ಮರೆಯಾಗಿ ಮತ್ತೆ ಬರುತ್ತವೆ. ಅದೇ ಅವರಿಗೆ ಗಡಿಯಾರ. ಎಂದರೆ, ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದನ್ನು ಅವರು ಕಣ್ಣಾರೆ ನೋಡುತ್ತಾರೆ.

ಈಗ ಕಥೆಯ ತಿರುಳು. ಭೂಮಿ ಸುತ್ತುವುದನ್ನು ಕಣ್ಣಾರೆ ಕಾಣುವ ಆ ಜನ, ತಮ್ಮ ಲೆವಾನಿಯಾ ಮಾತ್ರ ಅಲುಗಾಡದೆ ನಿಂತಿದೆ, ಸೂರ್ಯ ನಕ್ಷತ್ರಗಳೇ ತಮ್ಮ ಸುತ್ತ ತಿರುಗುತ್ತಿವೆ ಎಂದು ನಂಬಿದ್ದಾರೆ! ಓದುಗನಿಗೆ ನಗು ಬರುತ್ತದೆ. ಚಂದ್ರ ಚಲಿಸುವುದು ನಮಗೆಲ್ಲ ಗೊತ್ತಲ್ಲ, ಆ ಬಡಪಾಯಿಗಳಿಗೆ ತಿಳಿಯದೆ ಹೋಯಿತಲ್ಲ ಎನಿಸುತ್ತದೆ. ನಕ್ಕು ಮುಗಿಯುವಷ್ಟರಲ್ಲಿ ಇನ್ನೊಂದು ಯೋಚನೆ ಬರುತ್ತದೆ: ಅವರ ಹಾಗೆಯೇ ನಾವೂ ಇದ್ದೇವಲ್ಲವೇ? ಭೂಮಿಯ ಚಲನೆಯ ಪರವಾಗಿ ಚಂದ್ರನ ನಿದರ್ಶನದಿಂದ ವಾದಿಸುವುದೇ ತನ್ನ ಉದ್ದೇಶ ಎಂದು ಕೆಪ್ಲರ್ ತಾನೇ ಟಿಪ್ಪಣಿಯಲ್ಲಿ ಹೇಳಿದ್ದಾನೆ. ವಿಶ್ವವಿದ್ಯಾಲಯದ ಪ್ರಬಂಧ ಸಾಧಿಸಲಾಗದ್ದನ್ನು ಕಥೆ ಸಾಧಿಸುವಂತಿತ್ತು.

ತಾಯಿಯ ಮೇಲೆ ಬಂದ ಆಪಾದನೆ

ಆದರೆ ಆ ಕಥೆಗೆ ಅವನು ತೆತ್ತ ಬೆಲೆ ಸಣ್ಣದಲ್ಲ. ಅಚ್ಚಾಗುವ ಮೊದಲೇ, 1611ರಲ್ಲಿ, ಹಸ್ತಪ್ರತಿಯ ಒಂದು ನಕಲು ಪ್ರಾಗಿನಿಂದ ಹೊರಬಿದ್ದು ಕೈಯಿಂದ ಕೈಗೆ ಹೋಗಿ ಟ್ಯೂಬಿಂಗೆನ್ ತಲುಪಿತು. ಗಿಡಮೂಲಿಕೆ ಮಾರುವ, ಭೂತವನ್ನು ಕರೆಯುವ ತಾಯಿ. ಟೈಕೊನ ಬಳಿ ಖಗೋಳ ಕಲಿತ ಮಗ. ಓದಿದವರಿಗೆ ಇದು ಕೆಪ್ಲರನ ಮನೆಯ ಕಥೆಯೇ ಎನಿಸಿದರೆ ಆಶ್ಚರ್ಯವೇನು? ಯೂರೋಪಿನಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಹಿಡಿದು ಸುಡುತ್ತಿದ್ದ ಕಾಲ ಅದು.

1615ರಲ್ಲಿ ಲಿಯೊನ್‌ಬರ್ಗ್ ಪಟ್ಟಣದಲ್ಲಿ ನೆರೆಹೊರೆಯ ಹೆಂಗಸೊಬ್ಬಳು, ಕಥಾರಿನಾ ಕೊಟ್ಟ ಪಾನೀಯ ಕುಡಿದು ತನಗೆ ಕಾಯಿಲೆಯಾಯಿತು ಎಂದು ದೂರಿದಳು. ಒಬ್ಬರ ಮಾತಿಗೆ ಹತ್ತು ಜನರ ಮಾತು ಸೇರಿತು. 1620ರ ಆಗಸ್ಟಿನಲ್ಲಿ, ಎಪ್ಪತ್ತು ದಾಟಿದ ಮುದುಕಿಯನ್ನು ಬಂಧಿಸಿ ಸಂಕೋಲೆ ಹಾಕಿದರು. ಮಗ ಕೆಲಸ ಬಿಟ್ಟು ಬಂದ. ಸಾಕ್ಷಿಗಳ ಒಂದೊಂದು ಮಾತನ್ನೂ ಬಿಡಿಸಿ, ಈ ಕಾಯಿಲೆಗಳಿಗೆ ಸ್ವಾಭಾವಿಕ ಕಾರಣಗಳೇ ಇವೆ ಎಂದು ವಾದ ಬರೆದ. 1621ರ ಸೆಪ್ಟೆಂಬರಿನಲ್ಲಿ ಅವಳನ್ನು ಚಿತ್ರಹಿಂಸೆಯ ಉಪಕರಣಗಳ ಮುಂದೆ ನಿಲ್ಲಿಸಿ ಹೆದರಿಸಿದರು. ಅವಳು ಒಪ್ಪಿಕೊಳ್ಳಲಿಲ್ಲ. ಹದಿನಾಲ್ಕು ತಿಂಗಳ ಸೆರೆಯ ನಂತರ ಬಿಡುಗಡೆಯಾಯಿತು. ಆರು ತಿಂಗಳಲ್ಲಿ, 1622ರ ಏಪ್ರಿಲಿನಲ್ಲಿ, ತೀರಿಕೊಂಡಳು.

ಈ ಮೊಕದ್ದಮೆಗೆ ನೆರೆಹೊರೆಯ ಹಗೆಯೇ ಮುಖ್ಯ ಕಾರಣ, ಹಸ್ತಪ್ರತಿಯ ಪಾತ್ರ ಅಷ್ಟಿಲ್ಲ ಎಂದು ಇಂದಿನ ಇತಿಹಾಸಕಾರರು ಹೇಳುತ್ತಾರೆ. ಆದರೆ ಕೆಪ್ಲರ್ ಹಾಗೆ ನಂಬಲಿಲ್ಲ. ಕ್ಷೌರಿಕರ ಅಂಗಡಿಗಳಲ್ಲಿ ತನ್ನ ಕಥೆಯ ಬಗ್ಗೆ ಹರಟೆ ನಡೆದು, ಅದೇ ಕಿಡಿಯಾಯಿತು ಎಂಬ ಕೊರಗು ಅವನನ್ನು ಬಿಡಲಿಲ್ಲ. ಅವನು ಕಥೆಯನ್ನು ಸುಟ್ಟುಹಾಕಲಿಲ್ಲ. ಅದರ ಬದಲು ಅದಕ್ಕೆ 223 ಟಿಪ್ಪಣಿಗಳನ್ನು ಬರೆದ. ಕಥೆಗಿಂತ ಟಿಪ್ಪಣಿಗಳೇ ಉದ್ದ. ಪ್ರತಿಯೊಂದು ಕಲ್ಪನೆಯ ಹಿಂದೆ ಯಾವ ಲೆಕ್ಕವಿದೆ, ಯಾವುದು ತಮಾಷೆ, ಯಾವುದು ತರ್ಕ, ಎಲ್ಲವನ್ನೂ ಬಿಚ್ಚಿಟ್ಟ. ತಾಯಿಯ ಮೇಲಿನ ಆಪಾದನೆಗೆ ಉತ್ತರ, ಭೂಮಿ ನಿಂತಿದೆ ಎನ್ನುವವರಿಗೆ ಉತ್ತರ, ಎರಡೂ ಅಲ್ಲಿ ಸೇರಿದವು. ಪುಸ್ತಕ ಅಚ್ಚಿನಲ್ಲಿರುವಾಗಲೇ 1630ರಲ್ಲಿ ಅವನು ಸತ್ತ. ಕೆಲಸ ಮುಂದುವರಿಸಿದ ಅಳಿಯನೂ ಸತ್ತ. ಕೊನೆಗೆ 1634ರಲ್ಲಿ ಮಗ ಲುಡ್‌ವಿಗ್ ಅದನ್ನು ಹೊರತಂದ.

ಅರ್ಧ ಶತಮಾನದ ನಂತರ, 1686ರಲ್ಲಿ, ಫ್ರೆಂಚ್ ಲೇಖಕ ಫೊಂತನೆಲ್ ಇದೇ ಜಾಡಿನಲ್ಲಿ ಇನ್ನೊಂದು ಪುಸ್ತಕ ಬರೆದ. ರಾತ್ರಿ ತೋಟದಲ್ಲಿ ಒಬ್ಬ ಪಂಡಿತ ಮತ್ತು ಒಬ್ಬ ಶ್ರೀಮಂತ ಮಹಿಳೆ ಬೇರೆ ಲೋಕಗಳ ಬಗ್ಗೆ ಮಾತಾಡುವ ಸಂಭಾಷಣೆ ಅದು. ಲ್ಯಾಟಿನ್ ಬಿಟ್ಟು ಜನರ ನುಡಿಯಲ್ಲಿ ಬರೆದದ್ದರಿಂದ ಅದು ಮನೆಮನೆಗೆ ತಲುಪಿತು. ಭೂಮಿಯೂ ಒಂದು ಗ್ರಹ ಎಂಬ ಪಾಠವನ್ನು ಅನೇಕರು ಶಾಲೆಗಿಂತ ಮೊದಲು ಇಂಥ ಪುಸ್ತಕಗಳಿಂದ ಕಲಿತರು.

ಕಥೆ ನಿಜವಾದಾಗ

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದಲ್ಲಿ, ಚಂದ್ರನ ಮೇಲೆ ನಿಂತ ಯಾತ್ರಿಕನ ಎದುರು ಭೂಮಿ ಮೆಲ್ಲನೆ ಉದಯಿಸುವಂತೆ ಗ್ರಾಫಿಕ್ಸ್ ಮಾಡಿಸಿದ್ದೆ. ಚಂದವಾಗಿತ್ತು. ವಾರದೊಳಗೆ ನಿವೃತ್ತ ಅಧ್ಯಾಪಕರೊಬ್ಬರಿಂದ ಪತ್ರ ಬಂತು. ಚಂದ್ರನ ನೆಲದ ಮೇಲೆ ನಿಂತವನಿಗೆ ಭೂಮಿ ಹುಟ್ಟುವುದಿಲ್ಲ, ಇದನ್ನು ಕೆಪ್ಲರ್ ನಾನೂರು ವರ್ಷದ ಹಿಂದೆಯೇ ಬರೆದಿದ್ದಾನೆ ಎಂದು ತಿಳಿಸಿದ್ದರು. ನಾನು ಈ ಕಥೆಯನ್ನು ಹುಡುಕಿ ಓದಿದ್ದು ಆ ಪತ್ರದಿಂದ.

ನನ್ನನ್ನು ದಾರಿ ತಪ್ಪಿಸಿದ್ದು ಒಂದು ಪ್ರಸಿದ್ಧ ಛಾಯಾಚಿತ್ರ. 1968ರ ಡಿಸೆಂಬರ್ 24ರಂದು ಅಪೊಲೊ 8 ನೌಕೆಯಿಂದ ಬಿಲ್ ಆಂಡರ್ಸ್ ತೆಗೆದ ಭೂಮಿಯ ಉದಯದ ಚಿತ್ರ. ಅಲ್ಲಿ ಭೂಮಿ ಉದಯಿಸಿದಂತೆ ಕಂಡದ್ದು ನೌಕೆ ಚಂದ್ರನನ್ನು ಸುತ್ತುತ್ತಿದ್ದುದರಿಂದ. ನೆಲದ ಮೇಲೆ ನಿಂತವನಿಗೆ ಅಲ್ಪ ತೂಗಾಟ ಬಿಟ್ಟರೆ ಭೂಮಿ ನಿಂತಲ್ಲೇ ಇರುತ್ತದೆ.

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿದದ್ದು ಕೆಪ್ಲರನ ಸಬ್‌ವೋಲ್ವ ನಾಡಿನಲ್ಲಿ, ದಕ್ಷಿಣದ ಅಂಚಿನ ಕಡೆ. ಅಲ್ಲಿಂದ ಭೂಮಿ ದಿಗಂತದ ಮೇಲೆ ತುಸು ಎತ್ತರದಲ್ಲಿ ಸದಾ ಕಾಣುತ್ತದೆ. ಆದ್ದರಿಂದಲೇ ಅದು ಬೆಂಗಳೂರಿನ ಹೊರಗಿರುವ ಬ್ಯಾಲಾಳುವಿನ ಆಂಟೆನಾಗಳ ಜೊತೆ ನೇರವಾಗಿ ಮಾತಾಡಬಹುದಿತ್ತು. ಭೂಮಿ ಸುತ್ತುವುದರಿಂದ ಬ್ಯಾಲಾಳು ದಿನಕ್ಕೆ ಹಲವು ಗಂಟೆ ಮರೆಯಾಗುತ್ತದೆ. ಆಗ ಬೇರೆ ದೇಶಗಳ ಕೇಂದ್ರಗಳ ನೆರವು ಬೇಕಾಯಿತು. ವಿಕ್ರಮ್ ಮತ್ತು ಪ್ರಜ್ಞಾನ್ ಕೆಲಸ ಮಾಡಿದ್ದು ಒಂದು ಚಾಂದ್ರ ಹಗಲು, ನಮ್ಮ ಸುಮಾರು 14 ದಿನ. 2019ರ ಜನವರಿಯಲ್ಲಿ ಚೀನಾದ ಚಾಂಗ್-4 ಇಳಿದದ್ದು ಪ್ರಿವೋಲ್ವದಲ್ಲಿ, ಭೂಮಿ ಎಂದೂ ಕಾಣದ ಕಡೆ. ಹಾಗಾಗಿ ಸಂದೇಶ ದಾಟಿಸಲು ಒಂದು ಉಪಗ್ರಹವನ್ನು ಮೊದಲೇ ಕಳಿಸಬೇಕಾಯಿತು. ಕನಸಿನ ಕಥೆಯ ಎರಡು ನಾಡುಗಳು ಇಂದು ಎಂಜಿನಿಯರುಗಳ ದಿನನಿತ್ಯದ ಲೆಕ್ಕ.

ಇನ್ನೊಂದು ಭೂಮಿ

ಕೆಪ್ಲರ್ ಬೇರೆ ಜಾಗಕ್ಕೆ ಹೋಗಿ ಭೂಮಿಯನ್ನು ನೋಡಿದ. ಜಾಗ ಇದೇ ಆಗಿದ್ದು, ನಡೆದ ಘಟನೆಗಳೇ ಬೇರೆಯಾಗಿದ್ದರೆ? ಸಮಾಂತರ ಜಗತ್ತಿನ ಕಥೆಗಳು ಕೇಳುವ ಪ್ರಶ್ನೆ ಇದು. ಇದನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಟ್ಟವರೂ ಒಬ್ಬ ಖಗೋಳ ವಿಜ್ಞಾನಿಯೇ.

ಜಯಂತ ನಾರ್ಳೀಕರ್ (1938–2025) ವಿಶ್ವದ ಉಗಮ ಕುರಿತ ಸಂಶೋಧನೆಗೆ ಹೆಸರಾದವರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ತಮ್ಮ ಹೆಸರು ಮರೆಮಾಡಿ ಕಥೆ ಕಳಿಸಿ ಬಹುಮಾನ ಪಡೆದರು. ಮರಾಠಿಯಲ್ಲಿ ಅವರು ಬರೆದ ಪಾನಿಪತ್ ಕಥೆಯ ಇಂಗ್ಲಿಷ್ ರೂಪ 'ದಿ ಅಡ್ವೆಂಚರ್' 2006ರಲ್ಲಿ ಬಂದ ಎನ್.ಸಿ.ಇ.ಆರ್.ಟಿ.ಯ ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಸೇರಿತು. ಪುಣೆಯ ಇತಿಹಾಸ ಪ್ರಾಧ್ಯಾಪಕ ಗಂಗಾಧರಪಂತ್ ಗಾಯತೊಂಡೆಗೆ ಲಾರಿ ಡಿಕ್ಕಿಯಾಗುತ್ತದೆ. ಎಚ್ಚೆತ್ತಾಗ ಅವರು ಇರುವುದು ಬೇರೊಂದು ಭಾರತದಲ್ಲಿ. ಅಲ್ಲಿ 1761ರ ಪಾನಿಪತ್ ಕದನವನ್ನು ಮರಾಠರು ಗೆದ್ದಿದ್ದಾರೆ. ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಇದೆ, ಆದರೆ ಉಳಿದ ದೇಶ ಅದಕ್ಕೆ ಅಧೀನವಾಗಲೇ ಇಲ್ಲ. ವ್ಯತ್ಯಾಸಕ್ಕೆ ಕಾರಣ ಒಂದು ಗುಂಡು. ನಮ್ಮ ಇತಿಹಾಸದಲ್ಲಿ ವಿಶ್ವಾಸರಾಯನನ್ನು ಕೊಂದ ಗುಂಡು ಅಲ್ಲಿ ಅವನ ಕಿವಿ ಸವರಿ ಹೋಗುತ್ತದೆ.

ಕ್ವಾಂಟಂ ಮಟ್ಟದಲ್ಲಿ ಒಂದು ಕಣ ಎಲ್ಲಿರುತ್ತದೆ ಎಂದು ಖಚಿತವಾಗಿ ಮುಂದಾಗಿ ಹೇಳಲಾಗದು. ಸಾಧ್ಯತೆಗಳೆಲ್ಲ ಬೇರೆ ಬೇರೆ ಜಗತ್ತುಗಳಲ್ಲಿ ನಡೆಯುತ್ತವೆ ಎಂಬ ವಿವರಣೆಯನ್ನು ಹ್ಯೂ ಎವೆರೆಟ್ 1957ರಲ್ಲಿ ಮುಂದಿಟ್ಟ. ಅದು ಒಂದು ವಿವರಣೆ ಮಾತ್ರ, ಪ್ರಯೋಗದಿಂದ ಸಿದ್ಧವಾದ ಸತ್ಯವಲ್ಲ. ವಿದ್ಯಾರ್ಥಿಗಳು ಈ ಗೆರೆಯನ್ನು ಮರೆಯಬಾರದು. ಕೆಪ್ಲರನ ಚಂದ್ರನಿಗೆ ಹೋಗಿ ಪರೀಕ್ಷಿಸಬಹುದಿತ್ತು, ಪರೀಕ್ಷಿಸಿದೆವು. ನಾರ್ಳೀಕರರ ಪಾನಿಪತ್ತಿಗೆ ಹೋಗುವ ದಾರಿ ಯಾರ ಬಳಿಯೂ ಇಲ್ಲ.

ಹಾಗಾದರೆ ಅಂಥ ಕಥೆಯ ಉಪಯೋಗವೇನು? ನಮ್ಮ ಇತಿಹಾಸ ಹೀಗೇ ಆಗಬೇಕಿತ್ತು ಎಂದು ನಾವು ಅರಿವಿಲ್ಲದೆ ನಂಬಿರುತ್ತೇವೆ, ಭೂಮಿ ನಿಂತೇ ಇದೆ ಎಂದು ಹಿಂದಿನವರು ನಂಬಿದ್ದ ಹಾಗೆ. ಇನ್ನೊಂದು ಜಗತ್ತಿನಲ್ಲಿ ಒಮ್ಮೆ ನಿಂತು ಬಂದರೆ ಆ ನಂಬಿಕೆ ಅಲುಗಾಡುತ್ತದೆ. ಅದೇ ಪಠ್ಯಪುಸ್ತಕದಲ್ಲಿ ಕಾಯಿಲೆ ಬಿದ್ದ ಭೂಮಿಯನ್ನು ಕುರಿತ ನಾನಿ ಪಾಲ್ಖೀವಾಲಾ ಅವರ ಲೇಖನವೂ ಇತ್ತು. ಎರಡನ್ನೂ ಒಟ್ಟಿಗೆ ಓದಿದವರಿಗೆ ಹೊಳೆಯುವ ಮಾತು ಇದು: ಕಾಡು, ನದಿ, ಗಾಳಿ ಇಂದಿರುವ ಸ್ಥಿತಿ ತಾನಾಗಿ ಬಂದದ್ದಲ್ಲ. ಬೇರೆ ರೀತಿ ಆಗಬಹುದಿತ್ತು. ಮುಂದೆಯೂ ಬೇರೆ ರೀತಿ ಆಗಬಹುದು.

ತದಿಗೆಯ ಚಂದ್ರ

ಆ ಹುಡುಗಿಗೆ ಅಂದು ಕೊಡಲಾಗದ ಉತ್ತರವನ್ನು ಇಷ್ಟು ಉದ್ದಕ್ಕೆ ಬರೆದಿದ್ದೇನೆ. ಕೊನೆಗೆ ನೀವೇ ಮಾಡಿ ನೋಡುವಂಥ ಒಂದು ಕೆಲಸ. ಅಮಾವಾಸ್ಯೆ ಕಳೆದ ಎರಡು ಮೂರು ದಿನಕ್ಕೆ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ, ಪಶ್ಚಿಮದ ಆಕಾಶದಲ್ಲಿ ತೆಳ್ಳನೆಯ ಚಂದ್ರನನ್ನು ಹುಡುಕಿ. ಬೆಳ್ಳನೆಯ ಗೆರೆಯ ಜೊತೆಗೆ, ಉಳಿದ ಭಾಗವೂ ಬೂದಿಬಣ್ಣದಲ್ಲಿ ಮಸುಕಾಗಿ ಕಾಣುತ್ತದೆ. ಸೂರ್ಯನ ಬೆಳಕು ಆ ಭಾಗಕ್ಕೆ ನೇರವಾಗಿ ಬೀಳುತ್ತಿಲ್ಲ. ಮತ್ತೆ ಅದು ಯಾರ ಬೆಳಕು? ನಮ್ಮದು. ಭೂಮಿಯ ಮೋಡ, ಕಡಲು, ನೆಲಗಳಿಂದ ಪ್ರತಿಫಲಿಸಿದ ಬಿಸಿಲು ಚಂದ್ರನನ್ನು ಮುಟ್ಟಿ ಮರಳಿ ಬರುತ್ತಿದೆ. ಈ ವಿವರಣೆಯನ್ನು ತನ್ನ ಗುರು ಮೆಸ್ಟ್ಲಿನ್ ಹೇಳಿಕೊಟ್ಟದ್ದು ಎಂದು ಕೆಪ್ಲರ್ ಕೃತಜ್ಞತೆಯಿಂದ ಬರೆದಿದ್ದಾನೆ.

ಆ ಸಂಜೆ ಅಲ್ಲಿ ನಿಂತವನಿಗೆ ನಮ್ಮ ಭೂಮಿ ಹೆಚ್ಚುಕಡಿಮೆ ಹುಣ್ಣಿಮೆಯದು. ಅದರ ಅಂಚಿನ ಕಡೆ ಎಲ್ಲೋ ಭಾರತ, ಅದರಲ್ಲಿ ನಿಮ್ಮ ಊರು, ಊರಿನ ತಾರಸಿಯ ಮೇಲೆ ಕತ್ತೆತ್ತಿ ನಿಂತ ನೀವು. ಒಂದು ನಿಮಿಷ ಅಲ್ಲಿಂದ ಇಲ್ಲಿಗೆ ನೋಡಿ. ನಿಮಗೆ ಕಂಡದ್ದನ್ನು ಒಂದು ಕಾರ್ಡಿನಲ್ಲಿ ನಮಗೆ ಬರೆದು ತಿಳಿಸಿ.